ಅತ್ತೆಯ ಕೋಣೆಯವರೆಗೆ ವೈರು

ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ ನನ್ನ ಓರಗಿತ್ತಿ ಕಮಲಕ್ಕ ನನಗೆ ಕಲಿಸಿಕೊಟ್ಟ ವಿದ್ಯೆ, ಮಲಗುವಾಗ ಸೆರಗಿನ ತುದಿಯನ್ನು ಮಡಚಿ ಹಲ್ಲುಗಳ ನಡುವೆ ಕಚ್ಚಿಕೊಳ್ಳುವುದು. “ಬಿಗಿಯಾಗಿ ಕಚ್ಚಬೇಡ, ಬೆಳಿಗ್ಗೆ ದವಡೆ ನೋಯುತ್ತೆ. ಮಾತು ಹೊರಗೆ ಬರಬಾರದು, ಅಷ್ಟೇ” ಎಂದು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಹೇಳಿದ್ದರು. ನಾನು ನಿದ್ದೆಯಲ್ಲಿ ಮಾತಾಡುತ್ತೇನೆ. ತವರಿನಲ್ಲಿ ಅದು ನಗುವ ವಿಷಯವಾಗಿತ್ತು. ಇಲ್ಲಿ, ಇನ್ನೂ ಕೈಯ ಮೆಹಂದಿ ಮಾಸಿರಲಿಲ್ಲ, ಭಾವ ಕಾಫಿ ಲೋಟ ಕೆಳಗಿಟ್ಟು ಎಲ್ಲರ ಎದುರಿಗೆ ನನ್ನ ಹೆಸರು ಹಿಡಿದು ಕೇಳಿದ್ದರು: “ಏನಮ್ಮ ಇಂದು, ರಾತ್ರಿಯೆಲ್ಲ ಬಾಗಿಲು ತೆಗೀರಿ, ಬಾಗಿಲು ತೆಗೀರಿ ಅಂತಿದ್ದೆ. ಯಾವ ಬಾಗಿಲು?” ನನ್ನ ಗಂಡ ಸದಾನಂದ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ನೋಡುತ್ತ ಕೂತಿದ್ದರು. ನಾವು ಮಲಗುತ್ತಿದ್ದುದು ಮಹಡಿಯ ಮೇಲೆ, ಬಾಗಿಲು ಹಾಕಿಕೊಂಡು. ಭಾವ ಮಲಗುತ್ತಿದ್ದುದು ಕೆಳಗೆ ನಡುಮನೆಯಲ್ಲಿ, ಕೇಳುಮಣೆಯ ಮೇಲೆ.

ಈ ಊರಿನ ಪ್ರತಿ ಮನೆಗೂ ಒಂದು ಕೇಳುಮಣೆ ಇರುತ್ತದೆ. ಹೆಸರಿಗೆ ಮಣೆ ಅಷ್ಟೇ; ಒಬ್ಬರು ಕೂರುವಷ್ಟು, ಹೆಚ್ಚೆಂದರೆ ಒಂದು ಮಂಚ ಹಾಕುವಷ್ಟು ಜಾಗ. ಅಲ್ಲಿ ಕೂತವರಿಗೆ ಮನೆಯೊಳಗಿನ ಎಲ್ಲ ಸದ್ದೂ ಕೇಳುತ್ತದೆ. ಅಟ್ಟದ ಮೇಲಿನ ಇಲಿ, ಕೋಣೆಯೊಳಗಿನ ಪಿಸುಮಾತು, ಬಳೆ ತೆಗೆದಿಡುವ ಸದ್ದು. ಉಳಿದ ಕಡೆ ಕೂತವರ ಪಾಲಿಗೆ ಅಷ್ಟೇ ಕಡಿಮೆಯಾಗುತ್ತದೆ, ಕಂಬಳಿ ಹೊದ್ದುಕೊಂಡು ಕೇಳಿದ ಹಾಗೆ. ಅಡುಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳುವುದಿಲ್ಲ. ಹೋಗಿ ಭುಜ ಮುಟ್ಟಿ ಕರೆಯಬೇಕು. ಹೊಸ ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಮುಂಚೆ ಯಾರಾದರೂ ಅಡುಗೆಮನೆಯಲ್ಲಿ ತಟ್ಟೆಗೆ ಸಾಸಿವೆ ಹಾಕಿ ಉರುಳಿಸುತ್ತಾರೆ. ಮನೆಯ ಹಿರಿಯರು ಒಂದು ಕಿವಿ ಮುಂದೆ ಮಾಡಿಕೊಂಡು ಕೋಣೆಯಿಂದ ಕೋಣೆಗೆ ನಡೆಯುತ್ತಾರೆ. ಸಾಸಿವೆ ಎಲ್ಲಿ ಕೇಳಿಸಿತೋ ಅಲ್ಲಿ ರಂಗೋಲಿ ಎಳೆದು ಅವರನ್ನೇ ಕೂರಿಸುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅದು ಬಚ್ಚಲಲ್ಲಿ ಬಿದ್ದಿದೆ. ಆ ಮನೆಯ ಯಜಮಾನರು ಹಂಡೆಯ ಪಕ್ಕ ಸ್ಟೂಲು ಹಾಕಿಕೊಂಡು ಪೇಪರು ಓದುತ್ತಾರೆ, ಉಳಿದವರು ಸ್ನಾನಕ್ಕೆ ಅವರ ಅಪ್ಪಣೆ ಕೇಳಬೇಕು. ಇನ್ನು ಗಂಡಹೆಂಡಿರು ಜಗಳವಾಡಬೇಕೆಂದರೆ ತರಕಾರಿಯ ನೆಪ ಹೇಳಿ ಕೈಚೀಲ ಹಿಡಿದು ಕೆರೆ ಏರಿಯ ಮೇಲಿನ ಕಟ್ಟೆಗೆ ಹೋಗುತ್ತಾರೆ. ಅದಕ್ಕೆ ಜಗಳದ ಕಟ್ಟೆ ಎಂದೇ ಹೆಸರು. ಸಂಜೆ ಹೊತ್ತು ಅಲ್ಲಿ ಜಾಗ ಸಿಗುವುದಿಲ್ಲ. ಪಕ್ಕದಲ್ಲಿ ಒಂದು ಟೀ ಅಂಗಡಿ ಇದೆ, ಚೆನ್ನಾಗಿ ನಡೆಯುತ್ತದೆ.

ಹೆಣ್ಣು ಕೊಡುವವರು ಇಲ್ಲಿ ಜಾತಕಕ್ಕಿಂತ ಮೊದಲು ಮಣೆ ಎಲ್ಲಿದೆ, ಯಾರು ಕೂರುತ್ತಾರೆ ಎಂದು ವಿಚಾರಿಸುತ್ತಾರೆ. ನನ್ನ ತವರಿನವರು ಬೇರೆ ಊರಿನವರು. ಹುಡುಗ ಏನು ಓದಿದ್ದಾನೆ ಎಂದು ಕೇಳಿದರು, ಅಷ್ಟಕ್ಕೇ ಸಮಾಧಾನಪಟ್ಟರು. ಮಾವ ತೀರಿಕೊಂಡ ಮೇಲೆ ಮಣೆ ಅತ್ತೆಗೆ ಬರಬೇಕಿತ್ತು. ಹಿರಿಯ ಮಗ ಚಿದಾನಂದ, ಎಂದರೆ ನಮ್ಮ ಭಾವ, “ಅಮ್ಮನಿಗೆ ಯಾಕೆ ಈ ವಯಸ್ಸಿನಲ್ಲಿ ಗಲಾಟೆ” ಎಂದು ತಮ್ಮ ಮಂಚ ಅಲ್ಲಿಗೆ ತಂದರಂತೆ. ಅತ್ತೆಯ ಮಂಚ ಹಿಂದಿನ ಕೋಣೆಗೆ ಹೋಯಿತು. ನಾನು ಬಂದ ಮೇಲೆ ಕಮಲಕ್ಕನೂ ಹೋದರು, ಒಂದು ಜ್ವರದಲ್ಲಿ. ಕೊನೆಯ ದಿನಗಳಲ್ಲಿ ಜ್ಞಾನ ತಪ್ಪಿದ್ದಾಗಲೂ ಅವರ ಹಲ್ಲುಗಳ ನಡುವೆ ಸೆರಗು ಇತ್ತು. ಅದನ್ನು ಬಿಡಿಸಿದವಳು ನಾನು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಈ ಮನೆಯಲ್ಲಿ ಅದು ಒಂದೇ ಒಂದು ಉಪಯೋಗಕ್ಕೆ ಬಂದಿತ್ತು: ಒಂದು ವಾಕ್ಯವನ್ನು ಬಾಯಿಗೆ ಬರುವ ಮುಂಚೆ ನಾಲ್ಕು ಕಡೆಯಿಂದ ತೂಗಿ ನೋಡುವುದು. ಮಗಳು ಮೇದಿನಿ ಹುಟ್ಟಿದಾಗ ಲಾಲಿಯನ್ನು ಕೂಡ ತೂಗಿ ಹಾಡಿದ್ದೇನೆ. ಟೀವಿಯ ಸದ್ದು ಭಾವನಿಗೆ ಮಾತ್ರ ಸರಿಯಾಗಿ ಕೇಳುತ್ತಿತ್ತಾದ್ದರಿಂದ, ಸಿನಿಮಾ ನೋಡುವಾಗ ಅವರು ನಮಗೆ ಹೇಳುತ್ತ ಹೋಗುತ್ತಿದ್ದರು. ಈಗ ಅವನು ತಾಯಿಗೆ ಸಮಾಧಾನ ಹೇಳಿದ, ಈಗ ಅವಳು ಒಪ್ಪಿಕೊಂಡಳು, ಹೀಗೆ. ನಾವು ಅಷ್ಟೂ ಜನ ಪರದೆಯ ಮೇಲಿನ ತುಟಿಗಳನ್ನು ನೋಡುತ್ತ, ಭಾವನ ಬಾಯಿಂದ ಕಥೆ ಕೇಳುತ್ತ ಬದುಕಿದವರು. ಮನೆಯವರೆಲ್ಲರಿಗೂ ಇಷ್ಟವಾದ ಹಳೆಯ ಚಿತ್ರವೊಂದಿದೆ. ಅದರಲ್ಲಿ ಒಬ್ಬ ಸೊಸೆ ಕೈಯಲ್ಲಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ಮಾವನಿಗೆ ಏನೋ ಹೇಳುತ್ತಾಳೆ. “ತಪ್ಪಾಯ್ತು, ಕ್ಷಮಿಸಿ ಅಂತಿದಾಳೆ. ದೇವಸ್ಥಾನಕ್ಕೆ ಹೋಗಿ ಬರ್ತಾಳಂತೆ” ಎನ್ನುತ್ತಿದ್ದರು ಭಾವ. ಪೆಟ್ಟಿಗೆ ಯಾಕೆ ಎಂದು ಮೇದಿನಿ ಸಣ್ಣವಳಿದ್ದಾಗ ಕೇಳಿದ್ದಳು. “ಪೂಜೆ ಸಾಮಾನು” ಎಂದಿದ್ದರು.

ಕಳೆದ ವರ್ಷ ಭಾವನಿಗೆ ಹೋಮ್ ಥಿಯೇಟರಿನ ಹುಚ್ಚು ಹಿಡಿಯಿತು. ಅವರ ಸ್ನೇಹಿತರೊಬ್ಬರ ಮನೆಗೆ ಬಂದಿತ್ತಂತೆ. “ಐದು ಕಡೆಯಿಂದ ಸದ್ದು ಬರುತ್ತೆ ಕಣೋ ಸದೂ. ಮಳೆ ಬಂದ್ರೆ ತಲೆ ಮೇಲೇ ಬಂದ ಹಾಗೆ. ಅದರ ಮೇಲೆ ನಮ್ಮದು ಈ ಬೀದೀಲೇ ಒಳ್ಳೇ ಮಣೆ. ಎರಡೂ ಸೇರಿದ್ರೆ ಇಂದ್ರನ ಸಭೆ” ಎಂದರು. ಕೇಳುವವರು ಅವರೊಬ್ಬರೇ, ಆದರೂ ಪೆಟ್ಟಿಗೆಗಳು ಬಂದಾಗ ಇಡೀ ಮನೆ ಖುಷಿಪಟ್ಟಿತು, ಯಾಕೆಂದರೆ ಹೊಸದೊಂದು ಬಂದಿತ್ತು. ಟೀವಿಯ ಎರಡು ಬದಿಗೆ ಎರಡು ಉದ್ದನೆಯ ಸ್ಪೀಕರು, ಕೆಳಗೆ ಅಡ್ಡಕ್ಕೆ ಒಂದು, ಭಾವನ ಮಂಚದ ಹಿಂದೆ ಗೋಡೆಗೆ ಎರಡು. ಇವೆಲ್ಲಕ್ಕೂ ಸದ್ದು ಹಂಚುವ ಆಂಪ್ಲಿಫಯರು. ಮತ್ತೆ, ಗುಡುಗು ಗುದ್ದುಗಳಿಗೆಂದೇ ಒಂದು ದಪ್ಪ ಡಬ್ಬ, ಅದಕ್ಕೆ ಬೇಸ್ ಡಬ್ಬ ಎನ್ನುತ್ತಿದ್ದರು.

ಅದನ್ನು ಜೋಡಿಸಲು ದೂರದ ಪೇಟೆಯಿಂದ ನಯಾಜ್ ಎನ್ನುವವರು ಬಂದರು. ವೈರುಗಳನ್ನೆಲ್ಲ ಎಳೆದ ಮೇಲೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಮೈಕು ಕೂರಿಸಿದರು. ಕೂತವರ ಕಿವಿ ಎಲ್ಲಿರುತ್ತದೋ ಅಲ್ಲಿ ಮೈಕು ಇರಬೇಕು; ಒಂದೊಂದು ಸ್ಪೀಕರಿನಿಂದಲೂ ಸುಂಯ್ ಎಂದು ಸದ್ದು ಹೊರಟು ಮೈಕಿಗೆ ಬರುತ್ತದೆ; ಯಾವುದು ಹತ್ತಿರ, ಯಾವುದು ದೂರ, ಯಾವುದು ಜೋರು ಎಂದು ಆಂಪ್ಲಿಫಯರು ಲೆಕ್ಕ ಹಾಕಿ, ಎಲ್ಲವೂ ಆ ಜಾಗಕ್ಕೆ ಒಟ್ಟಿಗೆ ತಲುಪುವ ಹಾಗೆ ಸರಿಮಾಡಿಕೊಳ್ಳುತ್ತದೆ. “ಅಳತೆ ಮುಗಿಯೋ ತನಕ ಯಾರೂ ಸದ್ದು ಮಾಡಬಾರದು” ಎಂದರು. ಭಾವ ಎದ್ದು ನಿಂತರು. ಮೈಕು ಅವರ ಮಂಚದ ಮೇಲೆ, ಕೇಳುಮಣೆಯ ಮೇಲೆ ಕೂತಿತು. ನಾವು ಉಸಿರು ಹಿಡಿದು ನಿಂತೆವು. ಪರದೆಯ ಮೇಲೆ, ಗದ್ದಲ ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ ಎಂದು ಬಂತು. ಮತ್ತೊಮ್ಮೆ ಮಾಡಿದರೂ ಅದೇ. ನಯಾಜ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೈಕಿಗೆ ಏನು ಕೇಳುತ್ತಿದೆ ಎಂದು ನೋಡಿದರು. ಅವರ ಮುಖ ಬಿಳುಚಿಕೊಂಡಿತು.

“ಸರ್, ಮನೇಲಿ ಯಾರೋ ಅಡಿಕೆ ಅಗೀತಿದಾರೆ.”

ಹಿಂದಿನ ಕೋಣೆಗೆ ಓಡಿಹೋಗಿ ಅತ್ತೆಯ ಬಾಯಿಂದ ಅಡಿಕೆ ಉಗುಳಿಸಿ ಬಂದೆ. ಮತ್ತೆ ಅದೇ ಗೋಳು. “ಮೇಲೆ ಯಾರೋ ಹಾಳೆ ಮಗುಚಿದರು.” ಮೇದಿನಿಯನ್ನು ಕೆಳಗೆ ಕರೆಸಿದೆವು. “ಹಾಲಿನ ಕೆನೆ ಕಟ್ತಿರೋ ಹಾಗೆ ಕೇಳುತ್ತೆ, ಅದು ಹೇಗೆ ಕೇಳುತ್ತೆ ಸರ್?” ಎನ್ನುವ ಹೊತ್ತಿಗೆ ಅವರು ಬೆವರಿದ್ದರು. “ಮೈಕೇ ಕೆಟ್ಟಿರಬಹುದು, ಬೇರೆ ಕಡೆ ಇಟ್ಟು ನೋಡ್ತೀನಿ” ಎಂದು ಸ್ಟ್ಯಾಂಡನ್ನು ಎತ್ತಿ ಊಟದ ಮೇಜಿನ ಹತ್ತಿರ ಇಟ್ಟರು. ಅಲ್ಲಿ ಅಳತೆ ಒಂದೇ ಸಲಕ್ಕೆ ಮುಗಿಯಿತು. ಅಷ್ಟರಲ್ಲಿ ಭಾವ ಮಂಚಕ್ಕೆ ಮರಳಿ ಕಿರುಬೆರಳಿನಿಂದ ಕಿವಿ ಅಲ್ಲಾಡಿಸುತ್ತಿದ್ದರು. “ಏನಾಯ್ತು, ಎಲ್ಲಾ ಎಲ್ಲಿಗೆ ಹೋದ್ರಿ?” ಎಂದು ಕೇಳಿದರು. ನಾವೆಲ್ಲ ಅವರ ಕಣ್ಣೆದುರಿಗೇ ಇದ್ದೆವು. ಮತ್ತು ನಾನು, ಊಟದ ಮೇಜಿನ ಪಕ್ಕ ನಿಂತವಳು, ಹಿಂದಿನ ಕೋಣೆಯಲ್ಲಿ ಅತ್ತೆ ಕದ್ದು ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಂಡಿದ್ದನ್ನು ಕೇಳಿದೆ. ಹಲ್ಲಿಲ್ಲದ ಬದಿಯಿಂದ ಹಲ್ಲಿರುವ ಬದಿಗೆ ಅದು ಉರುಳಿತು.

“ಇದು ಬರೀ ಟ್ರಯಲ್” ಎಂದು ನಯಾಜ್ ಒಂದು ಗುಂಡಿ ಒತ್ತಿ ಅಳತೆಯನ್ನು ಅಳಿಸಿದರು. ಕಂಬಳಿ ಮತ್ತೆ ನನ್ನ ಕಿವಿಯ ಮೇಲೆ ಬಿತ್ತು. ಭಾವ “ಹಾಂ, ಈಗ ಸರಿ” ಎಂದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು.

ನಯಾಜ್ ಈ ಮನೆ ತಮ್ಮಿಂದ ಆಗುವುದಿಲ್ಲ ಎಂದು ಕೈಮುಗಿದು, ಮೈಕನ್ನೂ ಕೈಪಿಡಿಯನ್ನೂ ಬಿಟ್ಟು ಹೊರಟುಹೋದರು. ಭಾವ ಕೈಪಿಡಿಯನ್ನು ಎರಡು ದಿನ ತಿರುವಿ ನೋಡಿ ನನ್ನ ಕಡೆ ಚಾಚಿದರು. “ನೀನು ಓದಿದೋಳು ತಾನೇ. ನೋಡಮ್ಮ, ಏನು ಮಾಡಬೇಕೋ ಮಾಡು. ನನ್ನ ಜಾಗಕ್ಕೆ ಸರಿಯಾಗಿ ಕೂರಬೇಕು, ಅಷ್ಟೇ.”

ಕೈಪಿಡಿಯಲ್ಲಿ ಬೇಸ್ ಡಬ್ಬಕ್ಕೆ ಒಂದು ವಿಚಿತ್ರ ಉಪಾಯವಿತ್ತು. ಅದನ್ನು ಕೇಳುವವರು ಕೂರುವ ಜಾಗದಲ್ಲೇ ಇಟ್ಟು ಸದ್ದು ಹೊರಡಿಸಿ, ನಾವು ನೆಲದ ಮೇಲೆ ಅಂಬೆಗಾಲಿಕ್ಕುತ್ತ ಗೋಡೆಯುದ್ದಕ್ಕೂ ಹೋಗಬೇಕು. ಗುಡುಗು ಎಲ್ಲಿ ಚೊಕ್ಕವಾಗಿ ಕೇಳುತ್ತದೋ ಡಬ್ಬವನ್ನು ಅಲ್ಲಿಗೆ ಸಾಗಿಸಬೇಕು. ನಾನು ಡಬ್ಬವನ್ನು ತಬ್ಬಿ ಎತ್ತಿ ಭಾವನ ಮಂಚದ ಮೇಲೆ ಕೂರಿಸಿದೆ. “ನನ್ನ ಮಣೆ ಮೇಲೆ ಡಬ್ಬಾನಾ?” ಎಂದರು ಅವರು. “ಕೈಪಿಡೀಲಿ ಹಾಗಿದೆ, ಭಾವ” ಎಂದೆ. ಸೀರೆ ಎತ್ತಿ ಕಟ್ಟಿ ಮಂಡಿಯೂರಿ ಹೊರಟೆ. ಅತ್ತೆ ಬಾಗಿಲಿಗೆ ಬಂದು ನೋಡಿ, “ಇದೇನೇ ಇದು, ಏನು ಕಳಕೊಂಡೆ?” ಎಂದರು. ಆ ಮನೆಯ ನೆಲವನ್ನು ಎಷ್ಟೋ ವರ್ಷ ಒರೆಸಿದ್ದೆ. ಕಿವಿಯಿಂದ ನೋಡಿದ್ದು ಅದೇ ಮೊದಲು. ಅಡುಗೆಮನೆ ಬಾಗಿಲಿನ ಪಕ್ಕ, ನಾನು ಸೊಪ್ಪು ಬಿಡಿಸಲು ಕೂರುವ ಮೋಟು ಸ್ಟೂಲಿನ ಹತ್ತಿರ, ಗುಡುಗು ತುಂಬ ಚೊಕ್ಕವಾಗಿತ್ತು. ಅದನ್ನು ಭಾವನಿಗೆ ಹೇಳಲಿಲ್ಲ. ಡಬ್ಬವನ್ನು ಟೀವಿಯ ಪಕ್ಕದ ಮೂಲೆಗೆ ಇಟ್ಟು, “ಇನ್ನು ಅಳತೆ. ಅದಕ್ಕೆ ಮನೇಲಿ ಯಾರೂ ಇರಬಾರದು” ಎಂದೆ. ಅಡಿಕೆಯ ಕಥೆ ಎಲ್ಲರಿಗೂ ನೆನಪಿತ್ತಾದ್ದರಿಂದ ಯಾರೂ ಎದುರಾಡಲಿಲ್ಲ.

ಅವರೆಲ್ಲ ಜಗಳದ ಕಟ್ಟೆಗೆ ಟೀ ಕುಡಿಯಲು ಹೋದರು, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು. ಬಾಗಿಲು ಹಾಕಿಕೊಂಡೆ. ಆ ಮನೆಯಲ್ಲಿ ನಾನು ಒಬ್ಬಳೇ ಇದ್ದದ್ದು ಅದೇ ಮೊದಲ ಸಲ. ಹೇಳಬೇಕೆಂದು ಎಷ್ಟು ವರ್ಷದಿಂದ ಎಷ್ಟು ವಾಕ್ಯಗಳನ್ನು ತೂಗಿ ತೂಗಿ ಇಟ್ಟುಕೊಂಡಿದ್ದೆ. ನಡುಮನೆಯಲ್ಲಿ ನಿಂತು ಬಾಯಿ ತೆರೆದೆ. ಬಂದದ್ದು, “ಈ ಪರದೆ ಬಟ್ಟೆಯ ಬಣ್ಣ ಚೆನ್ನಾಗಿಲ್ಲ” ಎನ್ನುವ ಮಾತು. ಅದು ನಿಜವೇ. ಆದರೂ ಅಳು ಬಂತು. ಅತ್ತು, ಮುಖ ತೊಳೆದು, ಮೈಕಿನ ಸ್ಟ್ಯಾಂಡನ್ನು ಎತ್ತಿ ಅಡುಗೆಮನೆ ಬಾಗಿಲಿನ ನನ್ನ ಸ್ಟೂಲಿನ ಮೇಲೆ ಇಟ್ಟೆ. ಒಂದೊಂದೇ ಸ್ಪೀಕರು ಸುಂಯ್ ಎಂದಿತು. ಅಳತೆ ಮುಗಿಯಿತು ಎಂದು ಪರದೆ ಹೇಳಿತು. ಉಳಿಸಬೇಕೆ ಎಂದು ಕೇಳಿತು. ಉಳಿಸು ಎಂದೆ.

ಆ ದಿನದಿಂದ ಕೇಳುಮಣೆ ನನ್ನ ಸ್ಟೂಲಿಗೆ ಬಂತು. ನಿಜ ಹೇಳಬೇಕೆಂದರೆ ನನಗೆ ತುಂಬ ಇಷ್ಟವಾಯಿತು. ಸೊಪ್ಪು ಬಿಡಿಸುತ್ತ ಕೂತರೆ ಮನೆಯೆಲ್ಲ ನನ್ನ ಮಡಿಲಿಗೆ ಬರುತ್ತಿತ್ತು. ಅತ್ತೆ ತಮ್ಮ ಸತ್ತ ಅಕ್ಕನ ಜೊತೆ ಮಾತಾಡುತ್ತಾರೆ. ನನ್ನ ಗಂಡ ಶೂ ಲೇಸು ಕಟ್ಟುವಾಗ ಪ್ರತಿ ಸಲ “ಆಯ್ತಪ್ಪ” ಎಂದು ತಮಗೇ ಹೇಳಿಕೊಳ್ಳುತ್ತಾರೆ. ಇಷ್ಟು ವರ್ಷ ಜೊತೆಗಿದ್ದೂ ಗೊತ್ತಿರಲಿಲ್ಲ. ಭಾವ ಕೂತಲ್ಲೇ ಕೂತು, “ಎಲ್ಲಿ ಹೋಯ್ತು, ಎಲ್ಲಿ ಹೋಯ್ತು” ಎಂದು ಉಸಿರಿನಲ್ಲಿ ಹುಡುಕುತ್ತಿದ್ದರು. ಆದರೆ ಬಾಯಿಬಿಟ್ಟು ಹೇಳಲಿಲ್ಲ. ಮಣೆ ಕಳೆದುಕೊಂಡ ಯಜಮಾನ ಎಂದು ಹೇಳಿಕೊಳ್ಳುವುದು ಈ ಊರಿನಲ್ಲಿ ಯಾರಿಗೂ ಆಗದ ಕೆಲಸ. ಬದಲಿಗೆ ಬೆಳಗಿನ ಕಾಫಿಗೆ ಎಂದಿನಂತೆ ಲೋಟ ಕೆಳಗಿಟ್ಟು, “ಏನಮ್ಮ, ನಿನ್ನೆ ರಾತ್ರಿ ಹಾಲಿನವನ ಮೇಲೆ ರೇಗ್ತಿದ್ದೆ” ಎಂದರು. ಮರುದಿನ, “ಮೇದಿನಿ ಪರೀಕ್ಷೆಗೆ ಹೆದರಿಕೊಂಡು ನಿದ್ದೇಲಿ ಅಳ್ತಿದ್ಳು” ಎಂದರು. ನಾನು ರಾತ್ರಿಯಿಡೀ ಸೆರಗು ಕಚ್ಚಿದ್ದೆ. ಮೇದಿನಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ಇಷ್ಟು ವರ್ಷ ಹೇಳಿದ್ದರಲ್ಲಿ ಕೇಳಿದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಮೊದಲ ಬಾರಿಗೆ ನನಗೆ ಅನುಮಾನ ಹುಟ್ಟಿತು.

ಮೇದಿನಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅವಳು ನನ್ನ ಮಗಳು, ಅವಳೂ ನೋಡುತ್ತ ಬೆಳೆದವಳು. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಮಹಡಿಯ ಮೇಲೆ ಅವಳು ಗೆಳತಿಯ ಜೊತೆ ಫೋನಿನಲ್ಲಿ ಏನೋ ನಗುತ್ತಿದ್ದಳು. ಅವಳ ನಗು ಅಷ್ಟು ಹತ್ತಿರದಿಂದ ಕೇಳಿ ಎಷ್ಟೋ ಕಾಲವಾಗಿತ್ತು, ನಾನೂ ನಕ್ಕೆ. ಆಗ ಅವಳು ನಡುವೆ ನಿಲ್ಲಿಸಿ, “ತಡಿಯೇ, ಈಗ ಅಮ್ಮ ಕೂತಿರ್ತಾರೆ. ಆಮೇಲೆ ಕಟ್ಟೆ ಹತ್ರ ಸಿಗೋಣ” ಎಂದಳು. ಆಮೇಲೆ ಏನೂ ಕೇಳಲಿಲ್ಲ. ಬಟ್ಟೆಯ ಸಣ್ಣ ಸದ್ದೊಂದು ಮಾತ್ರ. ದುಪಟ್ಟಾದ ತುದಿಯನ್ನು ಅವಳು ಬಾಯಿಗೆ ಇಟ್ಟುಕೊಂಡಿದ್ದಳೇ ಇಲ್ಲವೇ ಎಂದು ನಾನು ಹೋಗಿ ನೋಡಲಿಲ್ಲ. ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಕೈಪಿಡಿ ತೆಗೆದೆ. ಓದಿ ದಾಟಿಹೋಗಿದ್ದ ಪುಟವೊಂದಿತ್ತು: ಕೇಳುವವರು ಒಬ್ಬರಿಗಿಂತ ಹೆಚ್ಚಿದ್ದರೆ ಮೈಕನ್ನು ಒಂದೇ ಕಡೆ ಇಡಬಾರದು, ಎಂಟು ಜಾಗಗಳವರೆಗೆ ಒಂದಾದ ಮೇಲೊಂದು ಅಳೆಯಬಹುದು, ಆಂಪ್ಲಿಫಯರು ಎಲ್ಲವನ್ನೂ ಕೂಡಿಸಿ ಹಂಚಿಕೊಡುತ್ತದೆ, ಯಾವ ಒಂದು ಜಾಗಕ್ಕೂ ಪೂರ್ತಿ ಸಿಗುವುದಿಲ್ಲ, ಎಲ್ಲ ಜಾಗಕ್ಕೂ ಸಿಗುತ್ತದೆ.

ತೊಂದರೆ ಇದ್ದದ್ದು ಮೈಕಿನ ವೈರಿನಲ್ಲಿ. ಅದು ಅಡುಗೆಮನೆಯ ಬಾಗಿಲಿನಿಂದ ಆಚೆ ಹೋಗುತ್ತಿರಲಿಲ್ಲ. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುವ ಪುಟ್ಟಲಕ್ಷ್ಮಮ್ಮನ ಹತ್ತಿರ ಹೋದೆ.

“ಎಷ್ಟು ಉದ್ದ ಬೇಕು?” ಎಂದರು.

“ನಮ್ಮತ್ತೆ ಕೋಣೆಯ ತನಕ.”

ಅವರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. ಅವರ ಮನೆಯಲ್ಲಿ ಮಣೆ ಯಾರದ್ದು ಎಂದು ನನಗೆ ಗೊತ್ತಿರಲಿಲ್ಲ. ಕೇಳುವ ಮಾತೂ ಅಲ್ಲ. “ಮನೇಲಿ ಮಹಡಿ ಇದೆಯಾ?” ಎಂದರು. ಇದೆ ಎಂದೆ. ಅವರು ಮಾರು ಹಾಕಿ ಅಳೆಯುತ್ತ, ನಾನು ಸಾಕು ಎಂದ ಮೇಲೂ ಅಳೆಯುತ್ತಲೇ ಹೋದರು. “ಬಚ್ಚಲಿಗೂ ಹೋಗಲಿ. ಅರ್ಧ ಮಾಡಿ ಬಿಟ್ರೆ ಆಮೇಲೆ ನಿಮ್ಮನ್ನೇ ಬೈತಾರೆ” ಎಂದು ಸುತ್ತಿ ಕೊಟ್ಟರು.

ಹಿಂದಿನ ಸಲ ಅಳತೆ ಸ್ವಲ್ಪ ಓರೆಯಾಗಿದೆ, ಸರಿಮಾಡಬೇಕು ಎಂದು ಭಾವನಿಗೆ ಹೇಳಿದೆ. ಅವರ ಕಣ್ಣಲ್ಲಿ ಆಸೆ ಕಂಡಿತು. “ಮಾಡಮ್ಮ, ಮಾಡು” ಎಂದು ತಾವೇ ಮೊದಲು ಚಪ್ಪಲಿ ಹಾಕಿಕೊಂಡರು. ಎಲ್ಲರೂ ಹೋದ ಮೇಲೆ ಮೈಕನ್ನು ಹೊತ್ತು ಮನೆಯೆಲ್ಲ ತಿರುಗಿದೆ. ಅತ್ತೆಯ ದಿಂಬಿನ ಹತ್ತಿರ ಇಟ್ಟೆ. ಮೇದಿನಿಯ ಓದುವ ಮೇಜಿನ ಮೇಲೆ ಇಟ್ಟೆ. ನಮ್ಮ ಹಾಸಿಗೆಯ ಮೇಲೆ ನನ್ನ ಬದಿಗೆ, ಆಮೇಲೆ ಗಂಡನ ಬದಿಗೆ. ಊಟದ ಮೇಜು, ನನ್ನ ಸ್ಟೂಲು, ಪುಟ್ಟಲಕ್ಷ್ಮಮ್ಮನ ಮಾತಿಗೆ ಬಚ್ಚಲು. ಕೊನೆಗೆ ಉಳಿದದ್ದು ಒಂದೇ ಅಳತೆ. ಭಾವನ ಮಂಚದ ಎದುರು ಸ್ವಲ್ಪ ಹೊತ್ತು ನಿಂತೆ. ಅಲ್ಲಿ ಇಡದೆ ಹೋಗಬಹುದಿತ್ತು. ಹಾಗೆ ಮಾಡಿದರೆ ಭಾವ ಅತ್ತೆಗೆ ಮಾಡಿದ್ದಕ್ಕಿಂತ ಬೇರೇನನ್ನೂ ನಾನು ಮಾಡಿದಂತಾಗುವುದಿಲ್ಲ ಎನ್ನಿಸಿತು. ಅಲ್ಲೂ ಇಟ್ಟೆ.

ಅವರೆಲ್ಲ ಮರಳಿ ಬಂದಾಗ ಸಂಜೆಯಾಗಿತ್ತು. ಭಾವ ಮಂಚದ ಮೇಲೆ ಕೂತು, ತಲೆ ವಾಲಿಸಿ, ನಿಧಾನವಾಗಿ ನಕ್ಕರು. “ಬಂತು. ಅಷ್ಟು ಜೋರಿಲ್ಲ, ಆದ್ರೂ ಬಂತು” ಎಂದರು. ಹೊಸ ಯಂತ್ರಕ್ಕೆ ಆ ಹಳೆಯ ಚಿತ್ರವನ್ನೇ ಹಾಕಬೇಕೆಂದು ಅತ್ತೆಯ ಆಸೆ. ಅವರ ಕುರ್ಚಿಯನ್ನು ನಡುಮನೆಗೆ ತಂದೆವು. ಚಿತ್ರ ಶುರುವಾಯಿತು. ಮಳೆಯ ದೃಶ್ಯದಲ್ಲಿ ಮಳೆ ನಿಜವಾಗಿಯೂ ನಮ್ಮ ಸುತ್ತ ಸುರಿಯಿತು, ಮೇದಿನಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಯಾರೋ ಮಾತಾಡಿದರು. ಭಾವ ಅಭ್ಯಾಸಬಲದಿಂದ “ಈಗ ಅವನು ಏನಂದ ಅಂದ್ರೆ” ಎಂದು ಶುರುಮಾಡಿದರು. “ನಮಗೂ ಕೇಳಿಸ್ತು ಕಣೋ” ಎಂದರು ಅತ್ತೆ. ಆಮೇಲೆ ಯಾರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸೊಸೆ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಳು. ಎಷ್ಟೋ ವರ್ಷ ನೋಡಿದ ತುಟಿಗಳು ಅಲುಗಿದವು.

“ಈ ಮನೇಲಿ ನಾನು ಇನ್ನೊಂದು ರಾತ್ರಿ ಇರೋದಿಲ್ಲ. ನೀವು ಕರೆದ್ರೂ ತಿರುಗಿ ನೋಡೋದಿಲ್ಲ” ಎಂದಳು ಅವಳು, ಐದೂ ಕಡೆಯಿಂದ.

ಬಾಗಿಲು ಬಡಿದುಕೊಂಡಿತು. ಮೂಲೆಯ ಡಬ್ಬ ಅದನ್ನು ನಮ್ಮ ಎದೆಗೆ ಗುದ್ದಿತು. ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿದರು. “ಚಿದೂ, ಅವಳು ದೇವಸ್ಥಾನಕ್ಕೆ ಹೋಗ್ತಿಲ್ವಲ್ಲೋ.”

“ಪೂಜೆ ಸಾಮಾನು” ಎಂದಳು ಮೇದಿನಿ, ತುಂಬ ಮೆಲ್ಲಗೆ. ಎಲ್ಲರಿಗೂ ಕೇಳಿತು. ನನ್ನ ಗಂಡ ನಕ್ಕುಬಿಟ್ಟರು. ಅಣ್ಣನ ಎದುರು ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವರಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು.

ಭಾವ ಗೋಡೆಯ ಕಡೆ ತಿರುಗಿ ತುಟಿಯೊಳಗೇ, “ಈ ಹೆಣ್ಣು ಏನೋ ಮಾಡಿದಾಳೆ” ಎಂದರು.

“ದೊಡ್ಡಪ್ಪ, ಕೇಳಿಸ್ತು” ಎಂದಳು ಮೇದಿನಿ.

ಅವರು ಎದ್ದರು. ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ, ಕಿವಿ ಮುಂದೆ ಮಾಡಿಕೊಂಡು, ಗೃಹಪ್ರವೇಶದ ಹಿರಿಯರ ಹಾಗೆ ನಡೆದರು. ನನ್ನ ಸ್ಟೂಲಿನ ಹತ್ತಿರ ಬಗ್ಗಿ ನೋಡಿದರು. ಹೋದಲ್ಲೆಲ್ಲ ಅಷ್ಟೇ ಕೇಳುತ್ತಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮರಳಿ ಬಂದು ನನ್ನ ಎದುರು ನಿಂತರು. “ಎಲ್ಲಿಟ್ಟಿದೀಯ ನನ್ನ ಮಣೇನ?”

ಎಂದಿನಂತೆ ವಾಕ್ಯವನ್ನು ತೂಗಲು ಹೋದೆ, ಸಮಯ ಸಾಲಲಿಲ್ಲ. “ಎಲ್ಲಾ ಕಡೆ ಇಟ್ಟಿದೀನಿ, ಭಾವ. ನಿಮ್ಮ ಮಂಚದ ಮೇಲೂ ಇದೆ, ನಿಮ್ಮ ಪಾಲು.”

“ಯಾರನ್ನ ಕೇಳಿ ಮಾಡಿದೆ?”

“ಯಾರನ್ನೂ ಕೇಳಲಿಲ್ಲ.”

“ಅಳಿಸು ಅದನ್ನ.”

ರಿಮೋಟನ್ನು ಎತ್ತಿ ಅವರ ಕೈಗೆ ಕೊಟ್ಟೆ. ಬೆರಳಿಟ್ಟು ತೋರಿಸಿದೆ. “ಈ ಗುಂಡಿ. ಒಂದು ಸಲ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ, ಮಣೆ ನಿಮ್ಮದಾಗುತ್ತೆ. ಒತ್ತಿ. ಆದ್ರೆ ನೀವು ಒತ್ತಿದ್ದು ನಮ್ಮೆಲ್ಲರಿಗೂ ಕೇಳುತ್ತೆ. ನಾನು ಮತ್ತೆ ಮಾಡೋಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ನನಗೆ ಗೊತ್ತಿದೆ. ವೈರು ನನ್ನ ಹತ್ರಾನೇ ಇದೆ.”

ಅವರ ಹೆಬ್ಬೆರಳು ಗುಂಡಿಯ ಮೇಲೆ ಕೂತಿತ್ತು. ಅವರ ಉಸಿರು ನಮಗೆಲ್ಲ ಕೇಳುತ್ತಿತ್ತು, ಮೂಗಿನ ಒಂದು ಹೊಳ್ಳೆ ಕಟ್ಟಿರುವುದೂ ಸೇರಿ. ಅತ್ತೆ ಬಾಯೊಳಗಿನ ಅಡಿಕೆಯನ್ನು ಹಲ್ಲಿರುವ ಬದಿಗೆ ತಂದುಕೊಂಡರು, ಅದೂ ಎಲ್ಲರಿಗೂ ಕೇಳಿತು. “ಒತ್ತಬೇಡ್ವೋ” ಎಂದರು. “ಎಷ್ಟೋ ವರ್ಷ ಆದ ಮೇಲೆ ಮನೇಲಿ ಜನ ಇದಾರೆ ಅನ್ನಿಸ್ತಿದೆ ನಂಗೆ.” ನನ್ನ ಗಂಡ ಎದ್ದು ಬಂದು ನನ್ನ ಪಕ್ಕ ನಿಂತರು. “ಆಯ್ತಪ್ಪ” ಎಂದು ತಮಗೇ ಹೇಳಿಕೊಂಡರು. ಅದು ಕೇಳಿಸಿತೆಂದು ಅವರಿಗೆ ಗೊತ್ತಾದಂತಿರಲಿಲ್ಲ.

ಭಾವ ರಿಮೋಟನ್ನು ಮಂಚದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸೀದಾ ಜಗಳದ ಕಟ್ಟೆಗೆ ಹೋಗಿ ಒಬ್ಬರೇ ಕೂತರಂತೆ. “ಒಬ್ರೇ ಬಂದಿದೀರಲ್ಲ ಸ್ವಾಮಿ, ಜಗಳಕ್ಕೆ ಜೊತೆ ಬೇಕಲ್ವಾ?” ಎಂದು ಟೀ ಅಂಗಡಿಯವನು ಕೇಳಿದನಂತೆ. ಅಂಗಡಿ ಮುಚ್ಚುವ ತನಕ ಕೂತಿದ್ದು ಬಂದರು. ಮನೆಗೆ ಬಂದವರು ಬೆಕ್ಕಿನ ಹಾಗೆ ನಡೆದು ಮಂಚ ಸೇರಿದರು. ಆ ಎಚ್ಚರದ ನಡಿಗೆ ನನಗೆ ಚೆನ್ನಾಗಿ ಗೊತ್ತು. ಕಮಲಕ್ಕ ಹಾಗೆ ನಡೆಯುತ್ತಿದ್ದರು, ನಾನೂ ನಡೆದಿದ್ದೇನೆ.

ಮಲಗುವ ಮುಂಚೆ ಅಭ್ಯಾಸದಂತೆ ಸೆರಗಿನ ತುದಿಯನ್ನು ಮಡಚಿದೆ. ಆಮೇಲೆ ಬಿಡಿಸಿ, ಹಾಸಿಗೆಯ ಮೇಲೆ ಸರಿಯಾಗಿ ಹರಡಿ, ಬಾಯಿ ತೆರೆದು ಮಲಗಿದೆ.

ಬೆಳಿಗ್ಗೆ ನಾನು ಕಾಫಿ ತರುವ ಹೊತ್ತಿಗೆ ಎಲ್ಲರೂ ಊಟದ ಮೇಜಿಗೆ ಬಂದು ಕೂತಿದ್ದರು, ಅತ್ತೆ ಕೂಡ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಭಾವ ಪೇಪರಿನ ಹಿಂದೆ ಇದ್ದರು. ಲೋಟಗಳನ್ನು ಒಂದೊಂದಾಗಿ ಇಟ್ಟೆ.

“ಏನು?” ಎಂದೆ.

“ರಾತ್ರಿ ನೀನು ಮಾತಾಡ್ತಿದ್ದೆ ಅಮ್ಮ” ಎಂದಳು ಮೇದಿನಿ. “ತುಂಬಾ ಹೊತ್ತು.”

“ಬಾಗಿಲು ತೆಗೀರಿ ಅಂತಲಾ?”

“ಇಲ್ಲ ಕಣೇ” ಎಂದರು ಅತ್ತೆ. “ಬೈತಿದ್ದೆ.”

“ಯಾರನ್ನ?”

ಅತ್ತೆ ಕಾಫಿಯನ್ನು ಊದಿದರು. “ಎಲ್ಲಾರನ್ನೂ. ಒಬ್ಬೊಬ್ಬರ ಹೆಸರು ಹಿಡಿದು. ಚಿದೂನ ಮೊದಲು, ಆಮೇಲೆ ನಿನ್ನ ಗಂಡನ್ನ, ಆಮೇಲೆ ನನ್ನ. ನಂದು ಸ್ವಲ್ಪ ಉದ್ದವೇ ಇತ್ತು.”

ನನ್ನ ಕಿವಿಗಳು ಬಿಸಿಯಾದವು. ಹಳೆಯ ನಾನಾಗಿದ್ದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಕುರ್ಚಿ ಎಳೆದು, ಆ ಎಳೆದ ಸದ್ದು ಮನೆಯೆಲ್ಲ ಹೋಗುವಂತೆ ಎಳೆದು, ಅವರ ಜೊತೆಗೇ ಕೂತೆ.

“ಎಲ್ಲರಿಗೂ ಸರಿಯಾಗಿ ಕೇಳಿಸ್ತಾ?” ಎಂದೆ.

ಭಾವ ಪೇಪರಿನ ಹಿಂದಿನಿಂದ ಕೈ ಚಾಚಿ ಲೋಟವನ್ನು ಮೇಜಿನ ಮೇಲೆ ಇಟ್ಟರು, ಆದಷ್ಟು ಮೆಲ್ಲಗೆ, ಯಾರಿಗೂ ಗೊತ್ತಾಗಬಾರದು ಎಂಬಂತೆ. ನಾವು ನಾಲ್ಕೂ ಜನ ಅದನ್ನು ಕೇಳಿದೆವು.